ಎಡ ಮುಂಚಕ್ರದ ನಿಂಬೆಹಣ್ಣು

ನಮ್ಮ ಶ್ರೀ ಸುವರ್ಣಗಿರಿ ಮೋಟಾರ್ಸಿನಿಂದ ಮಾರಾಟವಾದ ಯಾವ ಹೊಸ ಗಾಡಿಯಲ್ಲೂ ಇಂದಿನವರೆಗೆ ದೋಷ ಕಂಡುಬಂದಿಲ್ಲ. ಇದು ಬಾಯಿಮಾತಲ್ಲ, ರಿಜಿಸ್ಟರಿನಲ್ಲಿದೆ. ರಿಜಿಸ್ಟರ್ ಬರೆಯುವವನು ನಾನೇ. ಹೆಸರು ಹನುಮಪ್ಪ, ವಾಸ ಆಂಡರ್ಸನ್‌ಪೇಟೆ. ಕೆಜಿಎಫ್‌ನ ಕಾರ್ಖಾನೆಯೊಂದರಲ್ಲಿ ಮೂವತ್ತೊಂದು ವರ್ಷ ಹಾಜರಿ ಪುಸ್ತಕ ಬರೆದು ನಿವೃತ್ತನಾದ ಮೇಲೆ, ಚಾಂಪಿಯನ್ ರೀಫ್ಸ್ ರಸ್ತೆಯ ಈ ಷೋರೂಮಿನಲ್ಲಿ ಗ್ರಾಹಕರ ದೂರು ದಾಖಲಿಸುವ ಕೆಲಸಕ್ಕೆ ಸೇರಿದೆ. ರಿಜಿಸ್ಟರಿನಲ್ಲಿ ಹನ್ನೊಂದು ಕಾಲಂ ಇವೆ. 'ಹೊಸ ಗಾಡಿಯ ದೋಷ' ಎಂಬ ಕಾಲಂ ಇಲ್ಲ. ಇಲ್ಲದ ಕಾಲಮ್ಮಿನಲ್ಲಿ ಬರೆ ಅಂದರೆ ಎಲ್ಲಿ ಬರೆಯಲಿ, ನನ್ನ ತಲೆ ಮೇಲೆ?

ಹೀಗಿರುವಾಗ ಕಾಮಸಮುದ್ರದ ಕಡೆಯ ಮುನಿರತ್ನಮ್ಮನವರು, ನಮ್ಮಲ್ಲಿ ಹೊಸ ಪಿಕಪ್ ಗಾಡಿ ಕೊಂಡು ಒಂಬತ್ತೇ ದಿನವಾಗಿತ್ತು, ಮಗ ಚಿರಂಜೀವಿಯನ್ನು ಕರೆದುಕೊಂಡು ಬಂದು ನನ್ನ ಮೇಜಿನ ಮುಂದೆ ನಿಂತರು.

"ಸಾಮಿ, ಗಾಡಿ ಎಡಕ್ಕೆ ಎಳೀತದೆ. ಸ್ಟೇರಿಂಗ್ ಒಸಿ ಬುಟ್ರೆ ಸಾಕು, ಸೀದಾ ರಾಗಿ ಒಲಕ್ಕೆ ಓಗ್ತದೆ. ನೋಡಿ ಇವನ ಬಲಗೈ, ಎಂಗೆ ಊದ್ಕೊಂಡದೆ."

ನೋಡಿದೆ. ಊದಿಕೊಂಡಿತ್ತು. ಕೈಯ ಬಗ್ಗೆಯೂ ನಮ್ಮಲ್ಲಿ ಕಾಲಂ ಇಲ್ಲ.

ಅವರ ಸಂಗತಿ ಇಷ್ಟು. ಏಳು ಹಳ್ಳಿಗಳ ಹಾಲನ್ನು ಬಂಗಾರಪೇಟೆಯ ಶೀತಲೀಕರಣ ಕೇಂದ್ರಕ್ಕೆ ಸಾಗಿಸುವ ರೂಟು ಆಯಮ್ಮನಿಗೆ ಸಿಕ್ಕಿತ್ತು. ಕೇಂದ್ರದ ಗೇಟು ಬೆಳಗ್ಗೆ ಏಳೂವರೆಗೆ ಮುಚ್ಚುತ್ತದೆ. ಮೂರು ಸಲ ತಡವಾದರೆ ರೂಟು ಬೇರೆಯವರ ಪಾಲು. ಗಾಡಿ ರಾಗಿ ಹೊಲಕ್ಕೆ ಇಳಿದ ದಿನ ಒಂದು ತಡ ಆಗಲೇ ಆಗಿಹೋಗಿತ್ತು.

"ನಾಕು ವರ್ಸ ತಲೆ ಮೇಲೆ ಕ್ಯಾನ್ ಒತ್ತು ಡೈರಿಗೆ ಆಲು ಆಕಿದೀನಿ ಸಾಮಿ. ಆಮೇಲೆ ಸಿಕ್ಕಿದ್ದು ಈ ರೂಟು. ಇದು ಓದ್ರೆ ನಾನು ಮತ್ತೆ ತಲೆ ಮೇಲೇ ಒರಬೇಕು."

ನಮ್ಮ ಅಲೈನ್‌ಮೆಂಟ್ ಮೆಕ್ಯಾನಿಕ್ ಮಂಜೇಶ ಗಾಡಿಯ ಕೆಳಗೆ ನುಸುಳಿ ಎದ್ದುಬಂದ. ಕೆಲಸದಲ್ಲಿ ಗಟ್ಟಿಗ, ಬಾಯಿಗೆ ಮಾತ್ರ ಬೀಗವಿಲ್ಲ. "ಎಡಗಡೆ ಚಕ್ರ ತಿರುಗಿಸೋ ಟೈ ರಾಡ್ ಸೆಟ್ಟಿಂಗ್ ತಪ್ಪೈತೆ ಸಾರ್. ಫ್ಯಾಕ್ಟರಿಯಿಂದಲೇ ಹಂಗೆ ಬಂದೈತೆ. ಕಾಲು ಗಂಟೆ ಕೆಲಸ, ಮಾಡಿ ಕಳಿಸ್ತೀನಿ" ಅಂದ.

ನೋಡಿ, ಇಂಥವರಿಂದಲೇ ಸಂಸ್ಥೆಗಳು ಹಾಳಾಗುವುದು. ಸರಿಮಾಡಿದರೆ, ಸರಿಯಿರಲಿಲ್ಲ ಎಂದು ಒಪ್ಪಿಕೊಂಡ ಹಾಗಾಗುವುದಿಲ್ಲವೇ? ನಾನು ವಿಷಯವನ್ನು ಮ್ಯಾನೇಜರ್ ಶ್ರೀರಾಮಪ್ಪನವರ ಗಮನಕ್ಕೆ ತಂದೆ. ಅವರು ಯಾವುದಕ್ಕೂ ಅವಸರಪಡುವವರಲ್ಲ. ಗಾಡಿ ಒಪ್ಪಿಸಿದ ದಿನದ ಪೂಜೆಯ ವಿಡಿಯೋ ತರಿಸಿ, ಕಾಫಿ ಕುಡಿಯುತ್ತಾ ನಾಲ್ಕು ಸಲ ನೋಡಿದರು. ಹೊಸ ಗಾಡಿಗೆ ನಾಲ್ಕು ಚಕ್ರದ ಕೆಳಗೂ ನಿಂಬೆಹಣ್ಣು ಇಟ್ಟು ಮುಂದಕ್ಕೆ ಹೊರಡಿಸುವುದು ಎಲ್ಲ ಕಡೆ ಇರುವ ಪದ್ಧತಿ. ವಿಡಿಯೋದಲ್ಲಿ ಮೂರು ನಿಂಬೆಹಣ್ಣು ಪಚಕ್ಕೆಂದು ಜಜ್ಜಿಹೋದವು. ಎಡ ಮುಂಚಕ್ರದ್ದು ಮಾತ್ರ ಪುಸಕ್ಕನೆ ಜಾರಿ, ಉರುಳುತ್ತಾ ಗೇಟಿನ ಕಡೆ ಹೋಯಿತು.

"ಇದೇ ಕಾರಣ" ಅಂದರು ಶ್ರೀರಾಮಪ್ಪನವರು.

ಅಂದು ಮಧ್ಯಾಹ್ನ ಊಟದ ಹೊತ್ತಿಗೆ ವಾರಂಟಿ ಷರತ್ತು ಹದಿನೇಳು ಜಾರಿಗೆ ಬಂತು. ಟೈಪು ಮಾಡಿ ಗೋಡೆಗೆ ಅಂಟಿಸಿದವನು ನಾನೇ: "ವಿತರಣಾ ಪೂಜೆಯಲ್ಲಿ ನಾಲ್ಕೂ ನಿಂಬೆಹಣ್ಣುಗಳು ಸಂಪೂರ್ಣವಾಗಿ ಜಜ್ಜಲ್ಪಟ್ಟಿರತಕ್ಕದ್ದು. ಜಜ್ಜಲ್ಪಡದ ನಿಂಬೆಹಣ್ಣಿನ ದಿಕ್ಕಿಗೆ ಗಾಡಿ ಎಳೆದಲ್ಲಿ ಸಂಸ್ಥೆಯು ಹೊಣೆಯಲ್ಲ. ಈ ಷರತ್ತು ಹಿಂದಿನ ತಿಂಗಳಿನಿಂದ ಅನ್ವಯಿಸುತ್ತದೆ. ದೂರುದಾರರು ಸದರಿ ನಿಂಬೆಹಣ್ಣನ್ನು ಹಾಜರುಪಡಿಸಿದಲ್ಲಿ ಪರಿಶೀಲಿಸಲಾಗುವುದು."

ನಿಂಬೆಹಣ್ಣಿನ ತನಿಖೆ ನನಗೆ ಬಿತ್ತು. ಗೇಟಿನ ಹೊರಗೆ ಚಿತ್ರಾನ್ನ ಮಾರುವ ಅಮ್ಮಾಜಮ್ಮನ ಹೇಳಿಕೆ ಪಡೆದೆ.

"ಒಂದು ನಿಂಬೆಅಣ್ಣು ಉರುಳ್ಕೊಂಡು ಬಂತು. ತೊಳೆದು ಚಿತ್ರಾನ್ನಕ್ಕೆ ಇಂಡ್ದೆ. ಏನ್ ರಸ ಅಂತೀಯಾ! ನೀನೇ ಅವತ್ತು ಎರಡು ಪ್ಲೇಟ್ ತಿಂದ್ಯಲ್ಲ ಅನುಮಪ್ಪ, ಮರ್ತೋಯ್ತಾ?"

'ಸಾಕ್ಷ್ಯ ಲಭ್ಯವಿಲ್ಲ' ಎಂದು ದಾಖಲಿಸಿದೆ. ಈ ತನಿಖೆಗಾಗಿ ಗಾಡಿಯನ್ನು ಮರುದಿನ ಹತ್ತು ಗಂಟೆಯವರೆಗೆ ನಮ್ಮಲ್ಲೇ ಉಳಿಸಿಕೊಂಡಿದ್ದೆವು. ಹಾಲು ಆಟೋಗಳಲ್ಲಿ ಹೋಯಿತು, ತಲುಪುವಷ್ಟರಲ್ಲಿ ಕೇಂದ್ರದ ಗೇಟು ಮುಚ್ಚಿತ್ತು. ಅದು ಎರಡನೆಯ ತಡ.

ಮುನಿರತ್ನಮ್ಮನವರು ಬಂದು ಸೆರಗು ಬಾಯಿಗಿಟ್ಟುಕೊಂಡು ಅತ್ತರು. "ಇನ್ನೊಂದು ದಪ ಆದ್ರೆ ಮುಗೀತು ಸಾಮಿ." ಶ್ರೀರಾಮಪ್ಪನವರದು ಕಲ್ಲುಹೃದಯವೇನಲ್ಲ. ಕೂಡಲೇ ಸಂಸ್ಥೆಯ ಮೊಹರು ಹಾಕಿ ಒಂದು ಪತ್ರ ಕೊಟ್ಟರು. ಈ ಗಾಡಿ ದೋಷಯುಕ್ತವಲ್ಲ, 'ಎಡ ಒಲವಿನ' ಗಾಡಿ; ಎಡಕ್ಕೆ ತಿರುಗುವ ಕೆಲಸಗಳಿಗೆ ಅತ್ಯುತ್ತಮ ಎಂದು ಅದರಲ್ಲಿತ್ತು.

ಮೊಹರು ಇದ್ದುದರಿಂದ, ರೂಟು ಹಂಚುವ ಹಾಲಿನ ಸಂಘದ ಕಾರ್ಯದರ್ಶಿ ಚಿಕ್ಕಮುನಿಯಪ್ಪನವರು ಪ್ರಶ್ನೆ ಕೇಳಲಿಲ್ಲ. ರೂಟನ್ನೇ ತಿದ್ದಿದರು. ಮುಖ್ಯರಸ್ತೆಯ ಎಡಗಡೆಯ ನಾಲ್ಕು ಹಳ್ಳಿ ಮುನಿರತ್ನಮ್ಮನವರಿಗೆ ಉಳಿದವು. ಎಡಕ್ಕೇ ತಿರುಗುತ್ತಾ ಹೋದರೂ ಕೊನೆಗೆ ಬಂಗಾರಪೇಟೆ ಸಿಗುತ್ತದೆ, ನಾನೇ ನಕ್ಷೆಯ ಮೇಲೆ ಬೆರಳಿಟ್ಟು ನೋಡಿದ್ದೇನೆ. ಬಲಗಡೆಯ ಮೂರು ಹಳ್ಳಿ ಶ್ರೀರಾಮಪ್ಪನವರ ಬಾಮೈದನಿಗೆ ಹೋದವು. ಆ ಮೂರರಲ್ಲಿ ಮುನಿರತ್ನಮ್ಮನವರ ಸ್ವಂತ ಊರೂ ಒಂದು. ಬಾಮೈದ ನಮ್ಮಲ್ಲೇ ಅದೇ ಮಾದರಿಯ ಹೊಸ ಗಾಡಿ ತೆಗೆದುಕೊಂಡ. ಅದು ಬಲಕ್ಕೆ ಎಳೆಯುತ್ತದೆ. ತಿಂಗಳ ವರದಿಯಲ್ಲಿ ಶ್ರೀರಾಮಪ್ಪನವರು ಎರಡೂ ಗಾಡಿಗಳ ಎಳೆತ ಕೂಡಿಸಿ ಸರಾಸರಿ ತೆಗೆದು, ಸಂಸ್ಥೆಯ ಗಾಡಿಗಳು ನೇರವಾಗಿಯೇ ಚಲಿಸುತ್ತಿವೆ ಎಂದು ಬರೆಸಿದರು. ಮೇಲಿನವರಿಂದ ಅಭಿನಂದನಾ ಪತ್ರ ಬಂತು. ಲ್ಯಾಮಿನೇಷನ್ ಮಾಡಿಸಿದ್ದೇವೆ.

ಇಲ್ಲಿಗೆ ಎಲ್ಲರಿಗೂ ಒಳ್ಳೆಯದಾಗಿತ್ತು. ಆದರೆ ಆ ಮಂಜೇಶ ಇದ್ದಾನಲ್ಲ, ಅವನಿಗೆ ಕೈ ಕಡಿಯುತ್ತಿತ್ತು. ಒಂದು ಭಾನುವಾರ ಯಾರಿಗೂ ಹೇಳದೆ ಕೇಳದೆ ಮುನಿರತ್ನಮ್ಮನವರ ಊರಿಗೆ ಹೋಗಿ, ಹುಣಸೇಮರದ ಕೆಳಗೆ ಗೋಣಿಚೀಲ ಹಾಸಿಕೊಂಡು ಮಲಗಿ, ಎರಡು ಸ್ಪ್ಯಾನರಿನಲ್ಲಿ ಗಾಡಿ ಸರಿಮಾಡಿಬಿಟ್ಟ. ಕಾಲು ಗಂಟೆಯೂ ಹಿಡಿಯಲಿಲ್ಲವಂತೆ. ಚಿರಂಜೀವಿ ಸ್ಟೇರಿಂಗಿನಿಂದ ಎರಡೂ ಕೈ ತೆಗೆದು ಓಡಿಸಿ ತೋರಿಸಿದನಂತೆ. ಮುನಿರತ್ನಮ್ಮನವರು ಮಂಜೇಶನಿಗೆ ಕೋಳಿ ಕೊಯ್ದು ಮುದ್ದೆ ಊಟ ಹಾಕಿದರು.

ಗಾಡಿ ನೇರವಾಗಿ ಹೋಗುತ್ತಿದೆ ಎಂಬ ಸುದ್ದಿ ಎಷ್ಟು ದಿನ ಮುಚ್ಚಿಡಲು ಆಗುತ್ತದೆ? ನೇರ ಹೋಗುವ ಗಾಡಿ ನಾಳೆ ತನ್ನ ಮೂರು ಹಳ್ಳಿಗೂ ಬಾಯಿ ಹಾಕೀತು ಎಂದು ಬಾಮೈದ ಸಂಘಕ್ಕೆ ಅರ್ಜಿ ಕೊಟ್ಟ. ಚಿಕ್ಕಮುನಿಯಪ್ಪನವರು ನೋಟಿಸು ಕಳಿಸಿದರು: "ತಮಗೆ ಎಡರೂಟನ್ನು ನೀಡಿರುವುದು ಎಡ ಒಲವಿನ ಪತ್ರದ ಆಧಾರದ ಮೇಲೆ. ತಮ್ಮ ಗಾಡಿಯು ಕದ್ದುಮುಚ್ಚಿ ನೇರವಾಗಿ ಚಲಿಸುತ್ತಿರುವುದು ಕಂಡುಬಂದಿದೆ. ಮೂರು ದಿನದೊಳಗೆ ಎಡ ಒಲವನ್ನು ರುಜುವಾತುಪಡಿಸದಿದ್ದಲ್ಲಿ ರೂಟನ್ನು ರದ್ದುಪಡಿಸಲಾಗುವುದು."

ಮುನಿರತ್ನಮ್ಮನವರು ನೋಟಿಸು ಹಿಡಿದು ನಮ್ಮಲ್ಲಿಗೇ ಬಂದರು. ಈ ಸಲ ಅಳಲಿಲ್ಲ. ಸೀದಾ ಮಂಜೇಶನ ಹತ್ತಿರ ಹೋದರು.

"ಮಗಾ, ಮೊದ್ಲು ಎಂಗಿತ್ತೋ ಅಂಗೇ ಸೊಟ್ಟ ಮಾಡ್ಕೊಟ್ಬುಡಪ್ಪ."

"ಅಕ್ಕಾ, ಸರಿಯಾಗಿರೋದನ್ನ ಹಾಳು ಮಾಡು ಅಂದ್ರೆ ನಂಗೆ ಕೈ ಬರಲ್ಲ" ಅಂದ ಮಂಜೇಶ.

"ಬತ್ತದೆ, ಮಾಡು. ರೂಟ್ ಉಳೀಬೇಕಲ್ಲ. ನಿಂದೇನೂ ತಪ್ಪಿಲ್ಲ ಮಗಾ."

ನಿಜ ಹೇಳುತ್ತೇನೆ, ಸರಿಯಿರುವ ಗಾಡಿಯನ್ನು ಸೊಟ್ಟ ಮಾಡಿಕೊಡುವುದನ್ನು ಯಾವ ಕಾಲಮ್ಮಿನಲ್ಲಿ ಬರೆಯುವುದೆಂದು ನನಗೂ ತೋಚಲಿಲ್ಲ. ಆದರೆ ರಿಜಿಸ್ಟರ್ ತೆರೆದು ನೋಡಿದಾಗ ಎಂಟನೆಯ ಕಾಲಂ ಕಣ್ಣಿಗೆ ಬಿದ್ದು ಸಮಾಧಾನವಾಯಿತು: 'ಗಾಡಿಯನ್ನು ಮೂಲಸ್ಥಿತಿಗೆ ಮರಳಿಸುವುದು.' ಇದು ವಾರಂಟಿಯಲ್ಲಿದೆ, ಪೂರ್ತಿ ಉಚಿತ. ಅರ್ಜಿ ಬೇಡ, ಸಾಕ್ಷ್ಯ ಬೇಡ, ಅನುಮತಿಯೂ ಬೇಡ. ಮಂಜೇಶ ಕಾಲು ಗಂಟೆಯಲ್ಲಿ ಕೆಲಸ ಮುಗಿಸಿ, ಕೈ ಒರೆಸಿಕೊಳ್ಳದೆ ಹಿತ್ತಲ ಕಡೆ ಹೋದ.

ಮತ್ತೆ ಪೂಜೆ ಮಾಡಿದೆವು. ಚಿಕ್ಕಮುನಿಯಪ್ಪನವರು ಸಂಘದ ಪರವಾಗಿ ಬಂದಿದ್ದರು. ಮೂರು ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟೆವು. ಎಡ ಮುಂಚಕ್ರದ ಕೆಳಗೆ, ನಿಯಮದಂತೆ, ಇಡಲಿಲ್ಲ. ಅದನ್ನು ಅಮ್ಮಾಜಮ್ಮನಿಗೆ ಕೊಟ್ಟೆವು. ಗಾಡಿ ಹೊರಟು, ಎಡಕ್ಕೆ ವಾಲಿ, ಗೇಟಿನ ಕಂಬ ಸವರಿಕೊಂಡು ಹೋದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಮುನಿರತ್ನಮ್ಮನವರೂ ತಟ್ಟಿದರು. ಹನ್ನೊಂದನೆಯ ಕಾಲಮ್ಮಿನಲ್ಲಿ 'ಗ್ರಾಹಕರು ತೃಪ್ತರು' ಎಂದು ಬರೆದು ಅವರ ಸಹಿ ಪಡೆದೆ.

ಈಗ ರೂಟು ಭದ್ರವಾಗಿದೆ, ಕೇಂದ್ರದ ಗೇಟಿಗೆ ಒಂದು ದಿನವೂ ತಡವಾಗಿಲ್ಲ. ಸ್ವಂತ ಊರು ಬಲಗಡೆ ಇರುವುದರಿಂದ ಅವರ ಗಾಡಿ ಹಾಲು ತುಂಬಲು ಅವರ ಮನೆ ಬಾಗಿಲಿಗೆ ಬರುವಂತಿಲ್ಲ. ಆದರೆ ರಸ್ತೆಯ ಎಡಗಡೆ ಸಿಕ್ಕ ಹಾಲನ್ನು ತುಂಬಿಕೊಳ್ಳಲು ಅಡ್ಡಿಯಿಲ್ಲವೆಂದು ಸಂಘ ಸ್ಪಷ್ಟಪಡಿಸಿದೆ. ಹೀಗಾಗಿ ಮುನಿರತ್ನಮ್ಮನವರು ದಿನಾ ಬೆಳಗ್ಗೆ ತಮ್ಮ ಹಸುಗಳ ಹಾಲಿನ ಕ್ಯಾನನ್ನು ತಲೆ ಮೇಲೆ ಹೊತ್ತು, ಎರಡು ಮೈಲಿ ನಡೆದು ಮುಖ್ಯರಸ್ತೆ ದಾಟಿ, ಎಡಗಡೆ ಬಂದು ನಿಲ್ಲುತ್ತಾರೆ. ಚಿರಂಜೀವಿ ಗಾಡಿ ನಿಲ್ಲಿಸಿ ಕ್ಯಾನು ಇಳಿಸಿಕೊಳ್ಳುತ್ತಾನೆ.