ಕಿಟಕಿ ಏರಿಸಿ ಹಾಡುವ ಅಂಕಲ್

ಸ್ಯಾನ್ ಡಿಯಾಗೋದ ಮೀರಾ ಮೆಸಾ ಬಡಾವಣೆಯ ನಮ್ಮ ಪಕ್ಕದ ಮನೆಯ ಅಂಕಲ್‌ನಂಥ ಇನ್ನೊಬ್ಬ ಗಾಯಕರನ್ನು ನಾನು ನೋಡಿಲ್ಲ. ನಂಬುವುದಿಲ್ಲವೇ? ಬೇಡ, ಬಿಡಿ. ಅವರ ಸ್ವಂತ ಹೆಂಡತಿಯೇ ನಲವತ್ತು ವರ್ಷದಲ್ಲಿ ಒಂದು ಸಾಲೂ ಕೇಳಿಲ್ಲ! ಅವರು ಹಾಡುವುದು ಕಾರಿನಲ್ಲಿ ಮಾತ್ರ, ಅದೂ ನಾಲ್ಕೂ ಕಿಟಕಿ ಏರಿಸಿ.

ಅಂಕಲ್ ಉತ್ತರ ಐರ್ಲೆಂಡಿನ ಪ್ರೊಟೆಸ್ಟೆಂಟ್. ಎಪ್ಪತ್ತು ಹತ್ತಿರ ಬಂದರೂ ವಾರಕ್ಕೊಮ್ಮೆ ಲಾಂಗ್ ಬೀಚ್ ಬಂದರಿಗೆ ಹೋಗಿ ಕ್ರೇನುಗಳ ಆರೋಗ್ಯ ವಿಚಾರಿಸುತ್ತಾರೆ. ಕೋವಿಡ್ ಮುಗಿದು ಅಲ್ಲಿನ ಕಾಲೇಜಿನಲ್ಲಿ ನಾನು ಕಲಿಸುವ ಗುರುವಾರದ ಪಾಠ ಮತ್ತೆ ಶುರುವಾದಾಗ, "ನನ್ನ ಕಾರಿನಾಗ ಬರ್ರಿ" ಎಂದರು. (ಅವರ ಇಂಗ್ಲಿಷು ನನಗೆ ತಿಳಿಯುವುದು ಅರ್ಧವೇ. ಆದ್ದರಿಂದ ಹುಬ್ಬಳ್ಳಿ ಕನ್ನಡದಲ್ಲಿ ಹೇಳುತ್ತಿದ್ದೇನೆ. ಗತ್ತು ಒಂದೇ!)

ಫ್ರೀವೇ ಹತ್ತುವ ತನಕ ದೇವರಂಥ ಮನುಷ್ಯ. ಹತ್ತಿದರೋ, ಕಿಟಕಿ ಸರ್ರನೆ ಮೇಲೆ, ಸ್ಟೇರಿಂಗ್ ಮೇಲೆ ಧಡಂ ಧಡಂ ಬಡಿತ, ಹಾಡು! ಅವರಪ್ಪ ಪ್ರತಿ ಜುಲೈನ ವಿಜಯದ ಮೆರವಣಿಗೆಯಲ್ಲಿ ಎದೆಗೆ ಡೋಲು ಕಟ್ಟಿಕೊಂಡು ಹಾಡುತ್ತಿದ್ದ ಹಾಡುಗಳಂತೆ. ಮುನ್ನೂರು ವರ್ಷದ ಹಿಂದೆ ತಮ್ಮವರು ಕ್ಯಾಥೊಲಿಕ್ಕರನ್ನು ಹೇಗೆ ಬಡಿದರು ಎಂಬ ವರ್ಣನೆ. ವಾಪಸ್ ಬರುವಾಗ ಫ್ರೀವೇ ಇಳಿಯುವ ನಮ್ಮ ಎಕ್ಸಿಟ್ ಬಂತೋ, ಪದದ ನಡುವೆಯೇ ಬಾಯಿ ಬಂದ್. ಒಮ್ಮೆ ಹಾಡಿನ ವೀರರು ಸೇತುವೆ ದಾಟುತ್ತಿದ್ದರು. ಪಾಪ, ಮುಂದಿನ ಗುರುವಾರದ ತನಕ ಸೇತುವೆಯ ಮೇಲೆಯೇ ನಿಂತಿದ್ದರು!

"ಮನಿಯಾಗ ಯಾಕ ಹಾಡೂದಿಲ್ಲ?" ಎಂದು ಒಂದು ದಿನ ಕೇಳಿಬಿಟ್ಟೆ. ಸ್ಟೇರಿಂಗ್ ಮೇಲೆ ಬಡಿಯುತ್ತಿದ್ದ ಕೈ ನಿಲ್ಲಿಸಿ ಹಳೆಯ ಕಥೆ ಹೇಳಿದರು.

ಆಂಟಿ ಕ್ಯಾಥೊಲಿಕ್, ಅಂಕಲ್ ಊರಿನದೇ ಆಚೆ ಬೀದಿಯವರು. ಒಂದು ಮೆರವಣಿಗೆಯ ದಿನ ಯಾರೋ ಎಸೆದ ಕಲ್ಲಿಗೆ ಅವರ ತಮ್ಮನ ಕಣ್ಣು ಹೋಯಿತು. ಆ ಮೆರವಣಿಗೆಯಲ್ಲಿ ಅಂಕಲ್ ಹಾಡುತ್ತಿದ್ದರು. ಆಮೇಲೂ ಇಬ್ಬರೂ ಮದುವೆಯಾದರು. ಎರಡೂ ಮನೆಯವರು ಬಾಗಿಲು ಹಾಕಿಕೊಂಡರು, ಇವರು ಸ್ಯಾನ್ ಡಿಯಾಗೋಗೆ ಬಂದರು. ಒಂದೇ ಷರತ್ತು: ಇಬ್ಬರೂ ತಂತಮ್ಮ ಅಪ್ಪಂದಿರ ಹಾಡು ಬಿಡಬೇಕು, ಇಲ್ಲದಿದ್ದರೆ ಸಂಸಾರ ಅಲ್ಲಿಗೇ ಮುಗಿಯಿತು. ಆಂಟಿ ಬಿಟ್ಟರು. ಅಂಕಲ್ ಹಾಡನ್ನು ಕಾರಿಗೆ ಸ್ಥಳಾಂತರಿಸಿದರು!

"ಆಕಿ ಕಿವಿಗೆ ಬಿದ್ದರ ನಾ ಕೆಟ್ಟೆ" ಎಂದರು. ಅವತ್ತಿನಿಂದ ನನ್ನ ಎದೆಯಲ್ಲಿ ಅವಲಕ್ಕಿ ಕುಟ್ಟುವುದು ಶುರುವಾಯಿತು. ನಮ್ಮದು ಹಾಡಿನ ಮನೆತನ. ಒಂದು ಧಾಟಿ ಕಿವಿಗೆ ಅಂಟಿದರೆ ಸುಲಭಕ್ಕೆ ಬಿಡುವುದಿಲ್ಲ.

ಆಂಟಿಯದೂ ಒಂದು ವಿಚಿತ್ರವಿತ್ತು. ಗಂಡನ ಕಾರು ಹತ್ತುವುದೇ ಇಲ್ಲ! ಪಕ್ಕದ ಊರು ಪೊವೇಗೆ ಊಟಕ್ಕೆ ಹೋದರೂ ಮುಂದೆ ಅವರ ಕಾರು, ಹಿಂದೆ ಇವರ ಕಾರು. "ಇಬ್ಬರಿಗೆ ಎರಡು ಕಾರು ಯಾಕಂತ?" ಎಂದು ನನ್ನ ಗಂಡ ಕೇಳಿದರೆ, "ಹಳೇ ಸಿಟ್ಟಿರಬೇಕು, ನಿಮಗ್ಯಾಕ?" ಎಂದು ಬಾಯಿ ಮುಚ್ಚಿಸುತ್ತಿದ್ದೆ.

ಕಳೆದ ಜುಲೈನಲ್ಲಿ ಇಬ್ಬರನ್ನೂ ದೋಸೆಗೆ ಕರೆದೆ. ಕಾವಲಿ ಕಾದಿತ್ತು. ಹಿಟ್ಟು ಹುಯ್ದು, ಸೌಟನ್ನು ಪಾತ್ರೆಯ ಅಂಚಿಗೆ ಧಡಂ ಧಡಂ ಎಂದು ಕುಟ್ಟಿದೆ. ಅಷ್ಟೇ! ಬರೀ ತನನ ಎಂದು ಆ ಧಾಟಿಯ ಎರಡು ಸಾಲು ನನ್ನ ಬಾಯಿಂದ ಹೊರಬಿದ್ದ ಮೇಲೆ ಎಚ್ಚರವಾಯಿತು.

ಹಿಂದೆ ಚಮಚ ಬಿದ್ದ ಸದ್ದು. ತಿರುಗಿದೆ. ಅಂಕಲ್ ಮುಖ ಬಿಳುಚಿಕೊಂಡಿತ್ತು. ಆಂಟಿ ನನ್ನನ್ನೇ ದಿಟ್ಟಿಸುತ್ತಿದ್ದರು. ಕಾವಲಿಯ ಮೇಲೆ ದೋಸೆ ಕರಕಲಾಗುತ್ತಿದ್ದರೂ ನನಗೆ ಕೈ ಆಡಲಿಲ್ಲ. ನಲವತ್ತು ವರ್ಷದ ಸಂಸಾರವನ್ನು ಎರಡು ಸಾಲಿನಲ್ಲಿ ಮುಗಿಸಿಬಿಟ್ಟೆನಲ್ಲ!

"ನಾ ಕಿಡಕಿ ಪೂರಾ ಏರಿಸಿರ್ತೀನಲ್ಲ," ಎಂದರು ಆಂಟಿ, "ನಿಮಗ ಹ್ಯಾಂಗ ಕೇಳಿಸ್ತು?"

ನನಗೆ ತಲೆಬುಡ ತಿಳಿಯಲಿಲ್ಲ. ಅಂಕಲ್‌ಗೆ ತಿಳಿಯಿತು.

"ನೀನೂ ಕಾರಿನಾಗ?" ಎಂದರು.

ಅದೇ ಧಾಟಿಗೆ ಆಂಟಿಯ ಬೀದಿಯಲ್ಲಿ ಬೇರೆ ಪದಗಳಂತೆ. ಅದರಲ್ಲಿ ಪೆಟ್ಟು ತಿನ್ನುವವರು ಪ್ರೊಟೆಸ್ಟೆಂಟರು! "ಬಿಡಬೇಕಂತ ಭಾಳ ನೋಡಿದೆ," ಎಂದರು ಆಂಟಿ. "ನಮ್ಮಪ್ಪನ ದನಿ ನನಗ ಅದರಾಗ ಅಷ್ಟ ಉಳದದ."

ಅಂಕಲ್ ಕೇಳಿದರು: "ನನ್ನ ಪದ ಕೇಳಿದರ ಈಗೂ ನೋವಾಗ್ತದ?"

"ಆಗ್ತದ."

"ನಿನ್ನ ಪದ ಕೇಳಿದರ ನನಗೂ ಆಗ್ತದ."

ಯಾರೂ ನಗಲಿಲ್ಲ. ಕರಕಲು ದೋಸೆಯನ್ನೇ ಹಂಚಿಕೊಂಡು ತಿಂದು, ಎರಡು ಮನೆಯವರಂತೆ ಒಬ್ಬರ ಹಿಂದೊಬ್ಬರು ಹೊರಟುಹೋದರು.

ಮುಂದಿನ ಗುರುವಾರ ಅಂಕಲ್ ನನ್ನನ್ನು ಕರೆಯಲಿಲ್ಲ. ಕೆಲಸ ಕೆಟ್ಟಿತು ಎಂದುಕೊಂಡು ಅಳುಕುತ್ತ ಬಾಗಿಲು ತೆರೆದೆ. ಆಂಟಿಯ ಕಾರು ಡ್ರೈವ್‌ವೇಯಲ್ಲೇ ನಿಂತಿತ್ತು. ಅಂಕಲ್ ಕಾರು ರಸ್ತೆಗಿಳಿಯುತ್ತಿತ್ತು. ನಾನು ಕೂರುತ್ತಿದ್ದ ಸೀಟಿನಲ್ಲಿ ಆಂಟಿ! ನಾಲ್ಕೂ ಕಿಟಕಿ ಇಳಿಸಿದ್ದರು. ಸ್ಟೇರಿಂಗ್ ಮೇಲೆ ಅವರ ಕೈ, ಡ್ಯಾಶ್‌ಬೋರ್ಡ್ ಮೇಲೆ ಇವರ ಬೆರಳು, ಒಂದೇ ತಾಳ. ಇಬ್ಬರೂ ಬಾಯಿ ಮುಚ್ಚಿ, ಒಂದೂ ಪದವಿಲ್ಲದೆ, ಬರೀ ಧಾಟಿಯನ್ನು ಗುನುಗುತ್ತಿದ್ದರು.

ಅವತ್ತು ನಾನೊಬ್ಬಳೇ ಲಾಂಗ್ ಬೀಚಿಗೆ ಡ್ರೈವ್ ಮಾಡಿದೆ. ದಾರಿಯುದ್ದಕ್ಕೂ ಕಣ್ಣು ಮಂಜಾಗಿ, ಎಕ್ಸಿಟ್ ತಪ್ಪಿತು.