ಗೌರಾಬಾಯಿಯ ಬಾಟಲಿ

"ಈ ಸಲ ಗೋವಾಕ್ಕ ಹೋಗಿ ಒಂದೇ ದಿನದಾಗ ಸಮುದ್ರನೂ ತೋರಸ್ತೇನಿ, ಗುಡ್ಡನೂ ತೋರಸ್ತೇನಿ!" ಎಂದು ಜೇವರ್ಗಿಯ ತೊಗರಿ ಅಡತಿ ಅಂಗಡಿಯ ಸಾವುಕಾರ ಶಾಂತಲಿಂಗಪ್ಪ ಅಡುಗೆಮನೆಯ ಬಾಗಿಲಲ್ಲಿ ನಿಂತು ಘೋಷಿಸಿದ. ಒಳಗೆ ಅವನ ಹೆಂಡತಿ ಶಿವಕಾಂತಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಹೋದ ವರ್ಷ ಗೋಳಗುಮ್ಮಟ ತೋರಸ್ತೇನಿ ಅಂದಿದ್ರಿ."

ಆ ಕಥೆ ಊರಿಗೆಲ್ಲ ಗೊತ್ತು. ವಿಜಾಪುರದಲ್ಲಿ ಬಸ್ಸಿಳಿದ ಶಾಂತಲಿಂಗಪ್ಪ, ಪಕ್ಕದಲ್ಲಿ ನಿಂತವನನ್ನು "ಯಾವೂರ್ರಿ ನಿಮ್ಮದು?" ಎಂದು ಕೇಳಿದ. ಅವನಿಗೆ ಇದೊಂದು ಚಟ. ನಿಂತವನು ಜೇವರ್ಗಿ ಹತ್ತಿರದ ಅಂದೋಲಾದವನು, ಅದರಲ್ಲೂ ಭಾವನ ಬೀಗರ ಪೈಕಿ! ಅವನ ಮನೆಯಲ್ಲಿ ಚಾ, ಚಾದ ಮೇಲೆ ಊಟ, ಊಟದ ಮೇಲೆ ನಿದ್ದೆ. ಶಿವಕಾಂತಾ ಗುಮ್ಮಟ ನೋಡಿದ್ದು ವಾಪಸು ಬರುವ ಬಸ್ಸಿನ ಹಿಂದಿನ ಗಾಜಿನಿಂದ.

"ಬಸವಣ್ಣನ ಆಣೆ! ಗೋವಾದಾಗ ಯಾರಿಗೂ ಯಾವೂರು ಅಂತ ಕೇಳಂಗಿಲ್ಲ!"

ಮದುವೆಯಾಗಿ ಇಪ್ಪತ್ತೆರಡು ವರ್ಷವಾದರೂ ಶಿವಕಾಂತಾಳಿಗೆ ಇದ್ದದ್ದು ಒಂದೇ ಆಸೆ: ಒಮ್ಮೆ ಸಮುದ್ರದಲ್ಲಿ ಕಾಲಿಟ್ಟು ನಿಲ್ಲಬೇಕು. ಅದಕ್ಕೇ ಆಣೆಯನ್ನು ನಂಬಿ ರೊಟ್ಟಿ, ಡಬ್ಬಿಯಲ್ಲಿ ಶೇಂಗಾ ಹಿಂಡಿಯ ಚಟ್ನಿಪುಡಿ, ಬಟ್ಟೆಯಲ್ಲಿ ಉಪ್ಪು ಎಲ್ಲ ಗಂಟು ಕಟ್ಟಿದಳು. ಹೊರಡುವಾಗ ಪಕ್ಕದ ಮನೆಯ ಗೌರಾಬಾಯಿ ಒಂದು ಕಂದು ಬಣ್ಣದ ಔಷಧಿ ಬಾಟಲಿಯನ್ನು ತೊಳೆದು ತಂದು ಶಾಂತಲಿಂಗಪ್ಪನ ಕೈಗಿತ್ತಳು.

"ಸಮುದ್ರದ ನೀರು ತುಂಬಕೊಂಡು ಬರ್ರಿ ಅಣ್ಣಾ. ಖರೇನೇ ಉಪ್ಪ ಇರ್ತದೇನು ನೋಡಬೇಕು."

"ಬಾಟ್ಲಿ ಯಾಕ, ಕೊಡಾ ಕೊಡು ತಂಗೀ!" ಎಂದ ಶಾಂತಲಿಂಗಪ್ಪ.

ಗೋವಾದ ಲಾಡ್ಜಿನಿಂದ ಬೆಳಿಗ್ಗೆ ಹೊರಟ ಟೂರಿಸ್ಟ್ ಬಸ್ಸು ಎರಡು ಸಮುದ್ರದ ಊರು, ಒಂದು ಗುಡ್ಡದ ಹಳ್ಳಿ ತೋರಿಸಿ ಸಂಜೆಗೆ ವಾಪಸು ಬಿಡುವುದು. ಎಲ್ಲ ಕಡೆಗೂ ಅರ್ಧ ಗಂಟೆ, ಅದಕ್ಕಿಂತ ಒಂದು ನಿಮಿಷವೂ ಹೆಚ್ಚಿಲ್ಲ. ಮೊದಲನೆಯ ಊರಿನಲ್ಲಿ ಇಳಿದಾಗ ಸಮುದ್ರದ ಸದ್ದು ತೆಂಗಿನಮರಗಳ ಆಚೆಯಿಂದಲೇ ಕೇಳುತ್ತಿತ್ತು. ಶಾಂತಲಿಂಗಪ್ಪ ಬಾಯಿಗೆ ಬೀಗ ಹಾಕಿಕೊಂಡು ಹತ್ತು ಹೆಜ್ಜೆ ನಡೆದ. ಅಲ್ಲಿ ರಸ್ತೆಗೆ ಡಾಂಬರು ಹಾಕುತ್ತಿದ್ದರು.

"ಏ ಲೇ, ಬುಟ್ಟಿ ಇತ್ತಾಗ ತಾರಲೇ!" ಎಂದು ಒಬ್ಬ ಕೂಗಿದ.

ಶಾಂತಲಿಂಗಪ್ಪನ ಕಾಲು ನೆಲಕ್ಕೆ ಅಂಟಿತು. ಪರವೂರಿನಲ್ಲಿ ನಮ್ಮ ಕಡೆಯ ಬೈಗುಳ! ನಾಲಿಗೆ ತುರಿಸತೊಡಗಿತು. ಆದರೆ ಆಣೆ?

"ಯಾವೂರು ಅಂತ ಕೇಳೂದಿಲ್ಲ ನಾ," ಎಂದು ಹೆಂಡತಿಗೆ ಭರವಸೆ ಕೊಟ್ಟು, ಆ ಮನುಷ್ಯನತ್ತ ತಿರುಗಿ, "ಕೊಳಕೂರ ಕಡೇವ ಅನಸ್ತದ, ಹೌದಿಲ್ಲೋ?" ಎಂದ.

ಆತ ಧರ್ಮಣ್ಣ, ಜೇವರ್ಗಿ ಹತ್ತಿರದ ಕೊಳಕೂರದವನೇ. ಮೂರು ವರ್ಷದಿಂದ ಹೆಂಡತಿ ಮಕ್ಕಳೊಂದಿಗೆ ಇಲ್ಲೇ ರಸ್ತೆ ಕೆಲಸ. "ಅಯ್ಯೋ ಸಾವ್ಕಾರ್ರ! ನಮ್ಮಪ್ಪ ನಿಮ್ಮ ಅಡತಿಗೇ ತೊಗರಿ ಹಾಕ್ತಿದ್ದ್ರಿ! ಚಾ ಕುಡೀಲಾರದ ಹೋದ್ರ ಊರಾಗ ನಮ್ಮ ಮರ್ಯಾದಿ ಏನುಳೀತದ್ರಿ?" ಎಂದು ಕೈ ಹಿಡಿದು ತಗಡಿನ ಶೆಡ್ಡಿಗೆ ಎಳೆದೊಯ್ದ. ಇಲ್ಲ ಎನ್ನಲು ಬಾಯಿ ಬರಲಿಲ್ಲ. ಊರಿನವನ ಚಾ ಒಲ್ಲೆನೆಂದರೆ ಅವನ ಮನೆಯನ್ನೇ ಒಲ್ಲೆನೆಂದಂತೆ. ಸಾವುಕಾರರಿಗೆ ಕರಿ ಚಾ ಕೊಡುವುದುಂಟೇ? ಹಾಲಿಗೆ ಓಡಿದರು. ಹಾಲು ಬರುವಷ್ಟರಲ್ಲಿ ಧರ್ಮಣ್ಣನ ಅಜ್ಜನ ತನಕದ ವಂಶಾವಳಿ ಮುಗಿದಿತ್ತು, ಬಸ್ಸಿನ ಹಾರ್ನೂ ಆಗಿತ್ತು. ಶಾಂತಲಿಂಗಪ್ಪ ಓಡಿಬಂದು ನೋಡಿದರೆ ಶಿವಕಾಂತಾ ಆಗಲೇ ಬಸ್ಸಿನಲ್ಲಿ ಕುಳಿತಿದ್ದಳು.

"ಮುಂದಿನ ಊರಾಗೂ ಇದೇ ಸಮುದ್ರ ಅದ ಬಿಡು," ಎಂದು ಸಮಾಧಾನ ಹೇಳಿದ.

ಮುಂದಿನ ಊರಿನಲ್ಲಿ ಅದೇ ಸಮುದ್ರವಿತ್ತು, ಹಸನಸಾಬನೂ ಇದ್ದ. ಜೇವರ್ಗಿಯ ಸಂತೆಯಲ್ಲಿ ಬಾಳೆಹಣ್ಣು ಮಾರುತ್ತಿದ್ದ ಹಸನಸಾಬ! ಅವನಿಗೆ ಯಾವೂರೆಂದು ಕೇಳುವ ಅಗತ್ಯವೇ ಬೀಳಲಿಲ್ಲ. ಆಣೆ ಗಟ್ಟಿಯಾಗಿ ಉಳಿಯಿತು, ಚಾ ಎರಡು ಕಪ್ಪಾಯಿತು. ಗುಡ್ಡದ ಹಳ್ಳಿಯಲ್ಲಿ ಕಲ್ಲು ಒಡೆಯುತ್ತಿದ್ದ ಗಂಗಾಬಾಯಿಯೂ ನಮ್ಮ ಕಡೆಯ ಹಿರೋಳ್ಳಿಯವಳು. ಅವಳು ಚಾ ಅಷ್ಟೇ ಅಲ್ಲ, ಬಿಸಿ ರೊಟ್ಟಿಯನ್ನೂ ಬಡಿದು ಹಾಕಿದಳು.

ಮೂರೂ ಸಲ ಓಡಿಬಂದಾಗ ಶಿವಕಾಂತಾ ಕಿಟಕಿಯ ಪಕ್ಕ ಕುಳಿತಿದ್ದಳು. ಸೀರೆಯ ಅಂಚು ಒದ್ದೆಯಾಗಿತ್ತು. ಎಲ್ಲೋ ನಳದಲ್ಲಿ ಕಾಲು ತೊಳೆದಿರಬೇಕು ಎಂದುಕೊಂಡ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು, ಅವಳು ಬೈಯಲಿಲ್ಲ. ಶಾಂತಲಿಂಗಪ್ಪನಿಗೆ ನಿಜಕ್ಕೂ ನಾಚಿಕೆಯಾಯಿತು.

ನಾಚಿಕೆ ಒಂದು ಕಡೆ, ಗೌರಾಬಾಯಿಯ ಖಾಲಿ ಬಾಟಲಿ ಇನ್ನೊಂದು ಕಡೆ. ಮರುದಿನ ಬೆಳಿಗ್ಗೆ ಶಿವಕಾಂತಾ ಸ್ನಾನಕ್ಕೆ ಹೋದದ್ದೇ ತಡ, ಶಾಂತಲಿಂಗಪ್ಪ ಬುತ್ತಿಯ ಗಂಟಿಗೆ ಕೈ ಹಾಕಿ, ಅವಸರದಲ್ಲಿ ಸಿಕ್ಕಷ್ಟು ಉಪ್ಪನ್ನು ಬಾಟಲಿಗೆ ಸುರಿದು, ಲಾಡ್ಜಿನ ನಳದ ನೀರು ತುಂಬಿ, ಬಿರಡೆ ಜಡಿದು, ಗಡಗಡ ಅಲ್ಲಾಡಿಸಿದ. ಅರಬ್ಬೀ ಸಮುದ್ರ ಎರಡು ನಿಮಿಷದಲ್ಲಿ ತಯಾರಾಯಿತು!

ಊರಿಗೆ ಬಂದಾಗ ಗೌರಾಬಾಯಿಯ ಅಂಗಳದಲ್ಲಿ ಓಣಿಯ ಹೆಣ್ಣುಮಕ್ಕಳೆಲ್ಲ ಕೂಡಿದ್ದರು.

"ತೆರಿ ಅಂದ್ರ ಎಷ್ಟೆತ್ತರ! ನಮ್ಮ ತೊಗರಿ ಗೋದಾಮಿನಷ್ಟು! ಅದರಾಗ ಎದಿಮಟ ಇಳದು ತುಂಬೇನಿ ತಂಗೀ!" ಎಂದು ಶಾಂತಲಿಂಗಪ್ಪ ಬಾಟಲಿ ಒಪ್ಪಿಸಿದ.

ಗೌರಾಬಾಯಿ ಅಂಗೈಗೆ ಸುರಿದುಕೊಂಡು ಭಕ್ತಿಯಿಂದ ನೆಕ್ಕಿದಳು. ಇನ್ನೊಮ್ಮೆ ನೆಕ್ಕಿದಳು. ಬೆರಳಿನಿಂದ ಏನೋ ಎತ್ತಿ ಬೆಳಕಿಗೆ ಹಿಡಿದಳು.

"ಉಪ್ಪ ಖರೇ ಅದ ಬಿಡ್ರಿ. ಆದ್ರ ಅಣ್ಣಾ, ಸಮುದ್ರದಾಗ ಶೇಂಗಾ ಹಿಂಡಿನೂ ಇರ್ತದೇನ್ರಿ?"

ಶಿವಕಾಂತಾ ಎದ್ದು ಮನೆಗೆ ಹೋಗಿ ಹಿಂಡಿಯ ಸ್ಟೀಲ್ ಡಬ್ಬಿ ತಂದಳು. ಮುಚ್ಚಳ ತೆಗೆದರೆ ಒಳಗೆ ನೀರು, ಒಂದು ಹಿಡಿ ಮರಳು, ಎರಡು ಬಿಳಿ ಚಿಪ್ಪು.

"ಇದನ್ನ ನೆಕ್ಕಿ ನೋಡಬೇ. ಡಬ್ಬಿ ಖಾಲಿ ಮಾಡಾಕ ಹಿಂಡಿ ಉಪ್ಪಿನ ಅರಿವಿಯೊಳಗ ಸುರುವಿದ್ದೆ. ಸಾವ್ಕಾರ್ರಿಗೆ ಅದೇ ಸಿಕ್ಕದ."

"ನೀ ಯಾವಾಗ ಹೋಗಿದ್ದಿ?" ಶಾಂತಲಿಂಗಪ್ಪನ ದನಿ ಪಾತಾಳದಲ್ಲಿತ್ತು.

"ನೀವು ಚಾ ಕುಡಿಯೂತನಾ. ಎರಡು ಸಲ ಸಮುದ್ರ, ಒಂದು ಸಲ ಗುಡ್ಡ. ಮೊಳಕಾಲ ತನಕ ನೀರಾಗ ನಿಂತಿದ್ದೆ."

"ನನಗ ಒಂದು ಮಾತು ಹೇಳಬಾರದೇನು?"

"ಕರಿಯಾಕ ಬಂದಿದ್ನೆಲ್ರಿ. ನೀವು ಧರ್ಮಣ್ಣಗ ಅವರಜ್ಜನ ಹೆಸರು ಕೇಳಾಕತ್ತಿದ್ರಿ."

ಗೌರಾಬಾಯಿಗೆ ಇನ್ನೂ ಸಮಾಧಾನವಾಗಿರಲಿಲ್ಲ. "ಹಂಗಾದ್ರ ಅಣ್ಣಾವ್ರು ಅಷ್ಟು ದೂರ ಗೋವಾಕ್ಕ ಹೋಗಿ ಏನು ನೋಡಿದ್ರಬೇ?"

ಶಿವಕಾಂತಾ ಡಬ್ಬಿಯ ಮುಚ್ಚಳ ಹಾಕುತ್ತ ಹೇಳಿದಳು:

"ಜೇವರ್ಗಿ."