ಕದರಮಂಡಲಗಿ ದೇಶದ ಮೆಣಸಿನಕಾಯಿ

ಹೊರದೇಶಕ್ಕೆ ಮೆಣಸಿನಕಾಯಿ ಕಳಿಸುವ ಅಂಗಡಿಯಲ್ಲಿ ಕೆಲಸಕ್ಕಿದ್ದರೆ ದಿನಕ್ಕೊಮ್ಮೆ ಕಣ್ಣಲ್ಲಿ ನೀರು ಬರುವುದು ಖಾತ್ರಿ. ಅದು ಖಾರಕ್ಕೆ ಬಂದದ್ದೋ ನಗುವಿಗೆ ಬಂದದ್ದೋ ಹೇಳುವುದು ಮಾತ್ರ ಕಷ್ಟ.

ನಾನು ದಿನಾ ರಾಣೇಬೆನ್ನೂರಿನಿಂದ ಬಸ್ಸಿನಲ್ಲಿ ಬ್ಯಾಡಗಿಗೆ ಹೋಗಿ ಅಂಥದೊಂದು ಅಂಗಡಿಯ ಕಾಗದಪತ್ರ ನೋಡಿಕೊಳ್ಳುತ್ತೇನೆ. ಮಾಲೀಕರನ್ನು ಎಲ್ಲರೂ ಸಾವ್ಕಾರ್ರು ಅನ್ನುತ್ತಾರೆ, ಅವರು ನನ್ನನ್ನು ಅಕ್ಕಾರ ಅನ್ನುತ್ತಾರೆ. ನಮ್ಮ ಕಾಯಿ ನೇಪಾಳ, ಬಾಂಗ್ಲಾದೇಶ, ಶ್ರೀಲಂಕಾ ಎಲ್ಲಾ ಕಂಡು ಬಂದಿದೆ. ನಾನು ಇನ್ನೂ ಹುಬ್ಬಳ್ಳಿ ದಾಟಿಲ್ಲ.

೧. ಹೊಸ ದೇಶ

ಕೆಲಸಕ್ಕೆ ಸೇರಿದ ಹೊಸತು. ಸರಕು ಯಾವ ದೇಶದಲ್ಲಿ ಬೆಳೆದದ್ದು ಎಂದು ತೋರಿಸುವ ಕಾಗದ ಒಂದಿದೆ. ಅದು ಸರಿಯಾಗಿದ್ದರೆ ನೆರೆದೇಶದಲ್ಲಿ ಸುಂಕ ಕಡಿಮೆ. ತಪ್ಪಾದರೆ ಲಾರಿ ಗಡಿಯಲ್ಲೇ ನಿಂತುಬಿಡುತ್ತದೆ. ನೇಪಾಳಕ್ಕೆ ಹೊರಟ ಮಾಲಿಗೆ ಆ ಕಾಗದವನ್ನು ಮೊದಲ ಸಲ ನಾನೇ ತುಂಬಲು ಕೂತೆ. 'ಮೂಲ' ಎಂಬಲ್ಲಿಗೆ ಬಂದಾಗ ತಲೆ ಎತ್ತಿ ಕೇಳಿದೆ.

"ಸಾವ್ಕಾರ್ರ, ಈ ಮಾಲು ಎಲ್ಲೀದ್ರಿ?"

"ಕದರಮಂಡಲಗೀದ್ರಿ. ಒಳ್ಳೆ ಮಾಲು."

ಪಕ್ಕದ ಆ ಊರಿನ ಹೆಸರನ್ನೇ ಬರೆದೆ. ನಾಲ್ಕೈದು ದಿನಕ್ಕೆ ಗಡಿಯಲ್ಲಿದ್ದ ನಮ್ಮ ಏಜೆಂಟನ ಫೋನು. ಹಿಂದಿಯಲ್ಲಿ ಒಂದೇ ಸಮನೆ ಕೂಗಾಡುತ್ತಿದ್ದ. ಲಾರಿ ನಿಲ್ಲಿಸಿದ್ದಾರೆ, ಮೋಡ ಬೇರೆ ಆಗಿದೆ, ಈ ಕದರಮಂಡಲಗಿ ಯಾವ ಖಂಡದಲ್ಲಿದೆ ಎಂದು ಕೇಳುತ್ತಿದ್ದಾರೆ! ಕೆಲಸ ಹೋಯಿತು ಅಂದುಕೊಂಡೆ. ಮೊದಲ ತಿಂಗಳ ಪಗಾರವೂ ಇನ್ನೂ ಕೈಗೆ ಬಂದಿರಲಿಲ್ಲ.

ಸಾವ್ಕಾರ್ರು ಹತ್ತಿರ ಬಂದರು. "ಏನಂತಾನ್ರಿ ಅವ?"

"ನೇಪಾಳಕ್ಕ ಒಪ್ಪಂದ ಇರೂದು ಭಾರತದ ಕೂಡ ಅಂತ್ರಿ. ಕದರಮಂಡಲಗಿ ಕೂಡ ಒಪ್ಪಂದ ಇಲ್ಲಂತ್ರಿ."

ಸಾವ್ಕಾರ್ರು ಒಂದು ಕ್ಷಣವೂ ಯೋಚನೆ ಮಾಡಲಿಲ್ಲ.

"ಇಲ್ಲಂದ್ರ ಮಾಡ್ಕೊಳ್ಳೋಣಂತ ಹೇಳ್ರಿ. ಅಲ್ಲಿ ಪಂಚಾಯ್ತಿ ಅಧ್ಯಕ್ಷ ನಮ್ಮ ಬೀಗರ!"

೨. ಡಬ್ಬಿ ಮತ್ತು ಕಡ್ಡಿ

ನಮ್ಮ ಕಾಯಿಯಲ್ಲಿ ಎರಡು ಜಾತಿ. ದಪ್ಪಗೆ ದುಂಡಗಿರುವುದು ಡಬ್ಬಿ, ಉದ್ದಕ್ಕೆ ತೆಳ್ಳಗಿರುವುದು ಕಡ್ಡಿ. ಇದು ಬ್ಯಾಡಗಿಯ ಕೂಸಿಗೂ ಗೊತ್ತು. ಢಾಕಾದಿಂದ ಹೊಸದಾಗಿ ಫೋನ್ ಮಾಡಿದ ವ್ಯಾಪಾರಿಗೆ ಗೊತ್ತಿರಲಿಲ್ಲ.

ಅವನಿಗೆ ಬರುತ್ತಿದ್ದದ್ದು ಹರಕು ಹಿಂದಿ. ನನ್ನ ಹಿಂದಿ ಅದಕ್ಕಿಂತ ಹರಕು. ಹಾಗಾಗಿ ನಮ್ಮ ಹಮಾಲರ ಹಿರಿಯ, ಎಲ್ಲರೂ ಚಾಚಾ ಎನ್ನುವವರು, ಮಾತುಕತೆಗೆ ಕೂತರು. ಮನೆಯಲ್ಲಿ ಉರ್ದು ಆಡುವವರು, ಧೈರ್ಯದಿಂದ ಫೋನು ಹಿಡಿದರು.

"ಡಬ್ಬಿ ಕಳಿಸ್ತೇವಿ ಅಂತ ಹೇಳ್ರಿ ಚಾಚಾ. ಅದಕ್ಕಿಂತ ಉತ್ತಮ ಮಾಲಿಲ್ಲ," ಅಂದರು ಸಾವ್ಕಾರ್ರು.

ಚಾಚಾ ಹೇಳಿದರು. ಆ ಕಡೆಯ ಉತ್ತರ ಕೇಳಿ ಅವರ ಮುಖ ಸಣ್ಣದಾಯಿತು. "ಡಬ್ಬಿ ಬ್ಯಾಡಂತ್ರಿ. ಚೀಲದಾಗ ಕಳಿಸ್ರಿ ಅಂತಾನ."

"ಚೀಲದಾಗ ಕಳಿಸೂದು ಡಬ್ಬೀನ ಅಲ್ಲೇನ್ರಿ?"

ಚಾಚಾ ಅದನ್ನೂ ಹೇಳಿದರು. ಚೀಲದೊಳಗೆ ಡಬ್ಬಿ ಯಾಕೆ ತುಂಬುತ್ತೀರಿ, ದಾರಿಯಲ್ಲಿ ಜಜ್ಜಿಹೋಗುತ್ತವೆ ಎಂದು ಆತ ವಾದಕ್ಕೆ ನಿಂತ. ಸಾವ್ಕಾರ್ರಿಗೆ ಸಿಟ್ಟು ಬಂತು. ಮೂವತ್ತು ವರ್ಷದ ವ್ಯಾಪಾರದಲ್ಲಿ ಡಬ್ಬಿ ಬೇಡ ಅಂದವನನ್ನು ಅವರು ಕಂಡಿರಲಿಲ್ಲ.

"ಹೋಗ್ಲಿ, ಕಡ್ಡಿ ಬೇಕೇನು ಕೇಳ್ರಿ!"

ಕಡ್ಡಿಗೆ ಉರ್ದುವಿನಲ್ಲಿ ಏನನ್ನಬೇಕೋ ಹೊಳೆಯದೆ ಚಾಚಾ 'ತೀಲಿ' ಅಂದರು. ಅಂದರೆ ಗೀರುವ ಕಡ್ಡಿ. ಆ ಕಡೆಯಿಂದ ಆತ ಏನೋ ಹೇಳಿದ. ಚಾಚಾ ಫೋನಿನ ಬಾಯಿ ಮುಚ್ಚಿ, ತಗ್ಗಿದ ದನಿಯಲ್ಲಿ ಅಂದರು.

"ಸಾವ್ಕಾರ್ರ, ಅವಂಗ ಬೇಕಾಗಿದ್ದು ಮೆಣಸಿನಕಾಯಂತ್ರಿ. ಕಡ್ಡಿಪೆಟ್ಟಿಗಿ ವ್ಯಾಪಾರ ಮಾಡೂದಿಲ್ಲಂತ."

೩. ಗಡಿ

ನೆರೆದೇಶಗಳ ನಡುವೆ ಮುಕ್ತ ವ್ಯಾಪಾರ ಎಂಬ ವಿಷಯದ ಮೇಲೆ ಹಾವೇರಿಯಲ್ಲಿ ಒಂದು ದಿನದ ತರಬೇತಿ. ಊಟ ಇದೆ, ಹೋಗಿ ಬರ್ರಿ ಅಂತ ಸಾವ್ಕಾರ್ರು ನನ್ನನ್ನು ಕಳಿಸಿದರು. ಬೆಂಗಳೂರಿನಿಂದ ಬಂದಿದ್ದ ಅಧಿಕಾರಿ ಚೆನ್ನಾಗಿಯೇ ಮಾತಾಡಿದರು. ನೆರೆಯವರು ದಾರಿ ತೆರೆದಿಟ್ಟರೆ ಇಬ್ಬರೂ ಉದ್ಧಾರವಾಗುತ್ತಾರೆ ಅಂದರು. ಎಷ್ಟೇ ಸ್ನೇಹವಿದ್ದರೂ ಪ್ರತಿ ದೇಶವೂ ಕೆಲವು ಸಾಮಾನುಗಳದ್ದೊಂದು ಪಟ್ಟಿ ಇಟ್ಟುಕೊಂಡಿರುತ್ತದೆ, ಅವಕ್ಕೆ ಮಾತ್ರ ರಿಯಾಯಿತಿ ಇಲ್ಲ ಎಂದೂ ತಿಳಿಸಿದರು.

ಪ್ರಶ್ನೆ ಕೇಳಿ ಎಂದಾಗ ಹಲಗೇರಿ ಕಡೆಯ ರೈತರೊಬ್ಬರು ಎದ್ದರು. "ಸಾಹೇಬ್ರ, ನನ್ನ ಮಾಲು ಕೊಲಂಬೊ ಮುಟ್ಟಸ್ತೇನಿ ಅಂತೀರಿ, ಭಾಳ ಛಲೋ ಆತು. ಆದ್ರ ಅದು ಹೊಲ ಬಿಟ್ಟು ಡಾಂಬರ್ ರೋಡ್ ಮುಟ್ಟವಲ್ದು. ನಡುವ ಬಾಜೂ ಹೊಲದಾಂವ ದಾರಿ ಬಿಡವಲ್ಲ. ಇಲ್ಲೇ ಹಿಂದ ಕುಂತಾನ ನೋಡ್ರಿ."

ಎಲ್ಲರೂ ಹಿಂದೆ ತಿರುಗಿದರು. ಬಾಜೂ ಹೊಲದವರು ಎದ್ದು ನಿಂತರು. ಅಧಿಕಾರಿಗೆ ಪೀಕಲಾಟ. ಆದರೂ, "ಏನ್ರಿ, ಬಿಟ್ಟುಕೊಡಬಾರದೇ?" ಎಂದು ಕೇಳಿದರು.

"ಬಿಡ್ತೇನ್ರಿ. ನೀವು ಇಷ್ಟು ದೂರದಿಂದ ಬಂದು ಹೇಳಿದ ಮ್ಯಾಲೆ ಇಲ್ಲ ಅನ್ನಾಕ ಬರಂಗಿಲ್ಲ. ಟ್ರ್ಯಾಕ್ಟರ್ ಬರ್ಲಿ, ಚಕ್ಕಡಿ ಬರ್ಲಿ. ಆದ್ರ ನಂದೂ ಒಂದು ಪಟ್ಟಿ ಐತ್ರಿ. ಅವನ ಕೋಳಿ, ಅವನ ಎಮ್ಮಿ, ಅವನ ಹೆಂಡ್ತಿ ತಮ್ಮ, ಈ ಮೂರು ನನ್ನ ಹೊಲದಾಗ ಕಾಲಿಡಬಾರದು."

ಮೊದಲನೆಯ ರೈತರು ಅವರ ಕಡೆ ತಿರುಗಿ ಕೈ ಮುಗಿದರು.

"ಎಮ್ಮಿ, ಕೋಳಿ ಬಗ್ಗೆ ಕುಂತು ಮಾತಾಡೋಣಪಾ. ಹೆಂಡ್ತಿ ತಮ್ಮನ್ನ ಮಾತ್ರ ಪಟ್ಟಿಯಾಗಿಂದ ಎಂದೂ ತಗೀಬ್ಯಾಡ."

೪. ಸೀನು

ಕೊಲಂಬೊದಿಂದ ಮೂವರು ಬಂದಿದ್ದರು. ಹಿರಿಯ ವ್ಯಾಪಾರಿ ಹೆಂಗಸು ಒಬ್ಬರು, ಅವರ ಕೂಡ ಇಬ್ಬರು ಗಂಡಸರು. ಇಡೀ ವರ್ಷದ ಕರಾರು. ಇಲ್ಲಿ ಕುದುರದಿದ್ದರೆ ಅಂದೇ ಸಂಜೆಯ ರೈಲಿಗೆ ಆಂಧ್ರದ ಕಡೆ ಹೊರಡುವವರಿದ್ದರು.

ಮಾರುಕಟ್ಟೆ ತಿರುಗುವಾಗ ಮೂವರೂ ಸೀನಿ ಸೀನಿ ಸುಸ್ತಾದರು. ಒಳಗೆ ಬಂದು ಗಿರಮಿಟ್ಟು ತಿಂದು ಚಹಾ ಕುಡಿದ ಮೇಲೆ ಶಾಂತರಾದರು. ದರ ಒಪ್ಪಿಗೆಯಾಯಿತು, ಕಾಗದ ಸಿದ್ಧವಾಯಿತು. ಸಾವ್ಕಾರ್ರು ಪೆನ್ನನ್ನು ಕಣ್ಣಿಗೊತ್ತಿಕೊಂಡು ಇನ್ನೇನು ಸಹಿ ಹಾಕಬೇಕು, ಆ ಹೆಂಗಸು "ಹಚ್ಚೀ" ಅಂದರು. ಒಂದೇ ಒಂದು.

ಸಾವ್ಕಾರ್ರು ಪೆನ್ನಿನ ಮುಚ್ಚಳ ಹಾಕಿದರು. "ಅಕ್ಕಾರ, ಒಂಟಿ ಸೀನು."

"ಇದು ಮೆಣಸಿನಕಾಯಿ ಊರ್ರಿ. ಇಲ್ಲಿ ಸೀನಿಗೆ ಶಕುನ ನೋಡಿದ್ರ ಹೆಂಗ್ರಿ?"

"ಶಕುನಕ್ಕ ಯಾವ ಊರಾದ್ರೇನು? ಇನ್ನೊಂದು ಸೀನಾಕ ಹೇಳ್ರಿ."

ನನಗೆ ಬಂದ ಇಂಗ್ಲಿಷಿನಲ್ಲಿ, ದಯವಿಟ್ಟು ಇನ್ನೊಮ್ಮೆ ಸೀನಿ ಎಂದು ಕೇಳಿಕೊಂಡೆ. ಇದು ಯಾವುದೋ ಸರ್ಕಾರಿ ಆರೋಗ್ಯ ತಪಾಸಣೆ ಎಂದುಕೊಂಡಿರಬೇಕು, ಪಾಪ, ಆ ಹೆಂಗಸು ಮನಸ್ಸಿಟ್ಟು ಪ್ರಯತ್ನಿಸಿದರು. ಟ್ಯೂಬ್‌ಲೈಟ್ ನೋಡಿದರು. ಮೂಗು ತಿಕ್ಕಿದರು. ಮಾರುಕಟ್ಟೆಯಲ್ಲಿ ನಿಲ್ಲದಿದ್ದ ಸೀನು ಈಗ ಬರಲೊಲ್ಲದು. ಅವರ ರೈಲಿನ ಹೊತ್ತು ಹತ್ತಿರವಾಗುತ್ತಿತ್ತು, ಕರಾರು ಮೇಜಿನ ಮೇಲೆ ಅನಾಥವಾಗಿ ಬಿದ್ದಿತ್ತು.

ಸಾವ್ಕಾರ್ರು ಚಾಚಾಗೆ ಕಣ್ಸನ್ನೆ ಮಾಡಿದರು. ಚಾಚಾ ಒಂದು ಬೊಗಸೆ ಒಣಕಾಯಿ ತಂದು ಫ್ಯಾನಿನ ಮುಂದೆ ಮುರಿದರು. ಆಮೇಲೆ ಕೇಳಬೇಕೇ! ಮೂವರೂ ಶುರು ಮಾಡಿದರು. ಒಬ್ಬರು ಬಿಟ್ಟಲ್ಲಿ ಇನ್ನೊಬ್ಬರು. ಸಾವ್ಕಾರ್ರು ಮೊದಲಿನ ಒಂದನ್ನೂ ಸೇರಿಸಿ ಬೆರಳು ಮಡಚುತ್ತ ಎಣಿಸಿದರು. ಕೊನೆಗೆ ಸದ್ದು ನಿಂತಿತು.

"ಹನ್ನೊಂದು," ಅಂದರು, ಅಳುವ ದನಿಯಲ್ಲಿ. "ಮತ್ತ ಬೆಸ ಆತಲ್ರಿ!"

ಇನ್ನು ತಡೆಯಲಾಗಲಿಲ್ಲ. ನಾನೇ ಒಂದು ಚಿಟಿಕೆ ಪುಡಿ ತೆಗೆದು ಮೂಗಿಗೆ ಹಿಡಿದೆ. ಹನ್ನೆರಡು! ಸಾವ್ಕಾರ್ರು ಸರಕ್ಕನೆ ಸಹಿ ಹಾಕಿದರು. ಕಣ್ಣು ಮೂಗು ಒರೆಸಿಕೊಳ್ಳುತ್ತ ಕೊಲಂಬೊದವರೂ ಹಾಕಿದರು.

ಬ್ಯಾಡಗಿಯಲ್ಲಿ ಕರಾರು ಗಟ್ಟಿ ಮಾಡುವ ಪದ್ಧತಿಯೇ ಇದು ಎಂದು ಅವರು ತಿಳಿದುಕೊಂಡು ಹೋಗಿದ್ದಾರೆ. ಅಂದಿನಿಂದ ಆ ಹೆಂಗಸು ಪ್ರತಿ ಸಲ ಫೋನಿನಲ್ಲಿ ದರ ಒಪ್ಪಿದ ಮೇಲೆ ಗಂಭೀರವಾಗಿ "ಹಚ್ಚೀ, ಹಚ್ಚೀ" ಎಂದು ಎರಡು ಸಲ ಹೇಳುತ್ತಾರೆ. ಸಾವ್ಕಾರ್ರು ಸಮಾಧಾನದಿಂದ ಲಾರಿ ಬಿಡುತ್ತಾರೆ.

ಹೋದ ತಿಂಗಳು ಮಾತ್ರ ಒಂದು "ಹಚ್ಚೀ" ಕೇಳಿ ಫೋನು ನಿಂತುಹೋಯಿತು. ಲಾರಿ ಬಾಗಿಲಲ್ಲಿ ನಿಂತಿದೆ, ಮಾಲು ಏರಿದೆ. ಸಾವ್ಕಾರ್ರು ಫೋನನ್ನೇ ಅಲ್ಲಾಡಿಸುತ್ತ ನನ್ನ ಕಡೆ ಓಡಿ ಬಂದರು.

"ಅಕ್ಕಾರ, ಲಗೂ ಕೊಲಂಬೊಕ್ಕ ಫೋನ್ ಹಚ್ಚಿ ಕೇಳ್ರಿ, ಲೈನ್ ಕಟ್ ಆತೋ, ಸೀನು ಕಟ್ ಆತೋ!"